ಜಪಾನಿನ ಟಿವಿ ನಮ್ಮ ಮನೆಗೆ ಬಂದ ದಾರಿ

2009ರ ಆಸುಪಾಸಿನಲ್ಲಿ ನಮ್ಮ ಮೈಸೂರಿನ ಮನೆಯಲ್ಲಿ, ಸಂಜೆಯ ರಿಮೋಟು ಯಾರ ಕೈಯಲ್ಲಿರಬೇಕೆಂಬುದಕ್ಕೆ ದಿನವೂ ಒಂದು ಪಂಚಾಯಿತಿ ನಡೆಯುತ್ತಿತ್ತು. ಅಮ್ಮನಿಗೆ ತನ್ನ ಧಾರಾವಾಹಿ ಬೇಕು, ಆರು ವರ್ಷದ ಮಗನಿಗೆ ಡೋರೇಮಾನ್ ಬೇಕು. ಗೆಲ್ಲುತ್ತಿದ್ದವನು ಮಗನೇ. ಸೋತ ಅಮ್ಮ ಎದ್ದು ಹೋಗದೆ, ನೆನೆಸಿದ ಅವರೆಕಾಳನ್ನು ಹಿತುಕುತ್ತ ಅಲ್ಲೇ ಕುಳಿತು ಆ ನೀಲಿ ಬೆಕ್ಕನ್ನು ನೋಡುತ್ತಿದ್ದಳು.

"ಯಾವೂರಿನ ಬೆಕ್ಕೋ ಇದು?"

"ಬೆಕ್ಕಲ್ಲ ಅಜ್ಜಿ, ರೋಬೋ. ಭವಿಷ್ಯದಿಂದ ಬಂದಿರೋದು."

"ಅಷ್ಟು ದೂರದಿಂದ ಬಂದೂ ಹಿಂದಿನೇ ಮಾತಾಡುತ್ತಾ?"

ಒಂದು ಭಾನುವಾರ ಮಗ ತನಗೆ 'ಡೋರಾ ಕೇಕ್' ಬೇಕೆಂದು ಹಟ ಹಿಡಿದ. ಡೋರೇಮಾನ್ ಬಾಯಿ ಚಪ್ಪರಿಸಿ ತಿನ್ನುವ ದೊರಾಯಾಕಿ ಎಂಬ ತಿಂಡಿಗೆ ಹಿಂದಿಯ ಡಬ್ಬಿಂಗ್‌ನವರು ಇಟ್ಟ ಹೆಸರದು. ಅಮ್ಮ ಪರದೆಯ ಮೇಲಿನ ಚಿತ್ರವನ್ನು ಒಮ್ಮೆ ದಿಟ್ಟಿಸಿ ನೋಡಿ, ಅಂಗೈ ಅಗಲದ ಎರಡು ಬೆಲ್ಲದ ದೋಸೆ ಹುಯ್ದು, ಹಿಂದಿನ ದಿನದ ಒಬ್ಬಟ್ಟಿನಲ್ಲಿ ಉಳಿದಿದ್ದ ಹೂರಣವನ್ನು ನಡುವೆ ಇಟ್ಟು ಕೊಟ್ಟಳು. ಏಳು ವರ್ಷಗಳ ನಂತರ ಜಪಾನಿನ ನಗೋಯಾದ ಅಂಗಡಿಯೊಂದರಲ್ಲಿ ಅಸಲಿ ದೊರಾಯಾಕಿಯನ್ನು ಮುರಿದು ನೋಡಿದಾಗ ಒಳಗಿದ್ದದ್ದು ಕೆಂಪು ಕಾಳನ್ನು ಬೇಯಿಸಿ, ಅರೆದು, ಸಕ್ಕರೆ ಬೆರೆಸಿದ ಹೂರಣವೇ. ಅಮ್ಮನ ಊಹೆ ಬಹಳ ದೂರವೇನೂ ಹೋಗಿರಲಿಲ್ಲ.

ಡೋರೇಮಾನ್ ಜಪಾನಿನವನೆಂದು ನಮಗೆ ಗೊತ್ತಿತ್ತು. ಅವನು ಟಿವಿ ಅಸಾಹಿ ಎಂಬ ಖಾಸಗಿ ವಾಹಿನಿಯಲ್ಲಿ 1979ರ ಏಪ್ರಿಲ್‌ನಿಂದ ಬರುತ್ತಿರುವವನೆಂಬುದಾಗಲಿ, 2005ರಲ್ಲಿ ಹಂಗಾಮಾ ಟಿವಿಯ ಮೂಲಕ ಭಾರತಕ್ಕೆ ಬಂದವನೆಂಬುದಾಗಲಿ ನಮಗೆ ಬೇಕಿರಲಿಲ್ಲ. ಅದೇ ಕಾಲದಲ್ಲಿ ಪೋಗೋ ವಾಹಿನಿಯಲ್ಲಿ ಜಾವೇದ್ ಜಾಫ್ರಿಯವರ ಹಿಂದಿ ವೀಕ್ಷಕ ವಿವರಣೆಯೊಂದಿಗೆ 'ತಾಕೇಷೀಸ್ ಕ್ಯಾಸಲ್' ಬರುತ್ತಿತ್ತು. ಜನ ಓಡುತ್ತ ಬಂದು ಬಾಗಿಲಿಗೆ ಡಿಕ್ಕಿ ಹೊಡೆದು, ಜಾರಿ, ಕೆಸರಿನಲ್ಲಿ ಬೀಳುತ್ತಿದ್ದರು, ನಾವು ನಗುತ್ತಿದ್ದೆವು. ಅದು ಟಿಬಿಎಸ್ ಎಂಬ ಇನ್ನೊಂದು ಖಾಸಗಿ ವಾಹಿನಿ 1986ರಿಂದ 1990ರವರೆಗೆ ಪ್ರಸಾರ ಮಾಡಿ ಮುಗಿಸಿದ್ದ ಕಾರ್ಯಕ್ರಮ. ನಾವು ಅವರನ್ನು ನೋಡಿ ನಗುವ ಹೊತ್ತಿಗೆ ಕೆಸರಿನಲ್ಲಿ ಬಿದ್ದ ಆ ಹುಡುಗರೆಲ್ಲ ನಡುವಯಸ್ಸಿನ ಸಂಸಾರಸ್ಥರಾಗಿರಬೇಕು. 2021ರ ಡಿಸೆಂಬರ್‌ನಲ್ಲಿ 'ಶಾರ್ಕ್ ಟ್ಯಾಂಕ್ ಇಂಡಿಯಾ' ಶುರುವಾದಾಗ, ಆ ಹೊತ್ತಿಗೆ ಕಾಲೇಜಿನ ಹುಡುಗನಾಗಿದ್ದ ನನ್ನ ಮಗ ಅದನ್ನು ಅಮೆರಿಕದ ಕಾರ್ಯಕ್ರಮದ ನಕಲು ಎಂದ. ಅದರ ಮೂಲವೂ ಜಪಾನಿನ ಖಾಸಗಿ ಟಿವಿಯೇ ಎಂದು ನಾನು ಹೇಳಿದರೆ ಅವನು ನಂಬದೆ ಫೋನಿನಲ್ಲಿ ಹುಡುಕಿ ನೋಡಿದ.

ಹೀಗೆ ಹದಿನೈದು ವರ್ಷಗಳಲ್ಲಿ ಮೂರು ಸಲ ಒಂದೇ ಬೀದಿಯಿಂದ ನಮ್ಮ ಮನೆಗೆ ಅತಿಥಿಗಳು ಬಂದಿದ್ದರು. ಯಾರೂ ತಮ್ಮ ಬೀದಿಯ ಹೆಸರು ಹೇಳಿರಲಿಲ್ಲ.

ಆ ಬೀದಿಯನ್ನು ನಾನು ಕಂಡದ್ದು 2016ರಲ್ಲಿ, ಕೆಲಸದ ಮೇಲೆ ಆರು ವಾರ ನಗೋಯಾದಲ್ಲಿ ಇದ್ದಾಗ. ಹೋಟೆಲಿನ ಕೋಣೆ ನಮ್ಮ ಮನೆಯ ಅಡುಗೆಮನೆಗಿಂತ ಚಿಕ್ಕದು. ಮಂಚದ ಕಾಲಿನ ಕಡೆ ಗೋಡೆಗೆ ಟಿವಿ. ಭಾಷೆ ಬಾರದವನಿಗೆ ರಾತ್ರಿ ಬೇರೆ ಸಂಗಾತಿ ಇರಲಿಲ್ಲ. ಮೊದಲ ರಾತ್ರಿ ಕಂಡದ್ದು ಇಷ್ಟು: ಯಾವುದೋ ಹಳ್ಳಿಯ ಮುದುಕರೊಬ್ಬರು ಮೂಲಂಗಿ ಕೀಳುತ್ತಿದ್ದಾರೆ. ಪರದೆಯ ಮೂಲೆಯಲ್ಲಿ ಅಂಚೆಚೀಟಿಯಂಥ ಒಂದು ಚೌಕ. ಅದರೊಳಗೆ ಸ್ಟುಡಿಯೋದಲ್ಲಿ ಕುಳಿತ ನಟಿಯೊಬ್ಬಳು ಆ ಮೂಲಂಗಿಯನ್ನು ನೋಡಿ ಕಣ್ಣರಳಿಸುತ್ತಿದ್ದಾಳೆ. ಮುದುಕರು ಆಡಿದ ಮಾತು ಕೆಳಗೆ ಹಳದಿ, ಕೆಂಪು ದಪ್ಪಕ್ಷರಗಳಲ್ಲಿ ಧುತ್ತೆಂದು ಮೂಡುತ್ತದೆ. ಮೂಲೆಯ ಚೌಕಕ್ಕೆ ಅಲ್ಲಿ 'ವೈಪು' ಎನ್ನುತ್ತಾರೆ, ದಪ್ಪಕ್ಷರಗಳಿಗೆ 'ತೆರೊಪ್ಪು'. ಎಲ್ಲಿ ನಗಬೇಕು, ಎಲ್ಲಿ ಬೆರಗಾಗಬೇಕು ಎಂಬುದನ್ನು ನೋಡುಗನಿಗೆ ಪಕ್ಕದಲ್ಲೇ ಕುಳಿತು ಹೇಳಿಕೊಡುವ ವ್ಯವಸ್ಥೆ ಇದು. ಹರಿಕಥೆಯಲ್ಲಿ ದಾಸರ ಹಿಂದೆ ನಿಂತು ತಲೆದೂಗುವವರ ಕೆಲಸವನ್ನು ಇಲ್ಲಿ ಆ ಚೌಕ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನಾಲ್ಕೈದು ಕಂಪನಿಗಳ ಹೆಸರುಗಳು ಸಾಲಾಗಿ ಬಂದವು. ವಿನಯದ ದನಿಯೊಂದು ಒಂದು ವಾಕ್ಯ ಹೇಳಿತು. ಮಾರನೆಯ ದಿನ ಕಚೇರಿಯಲ್ಲಿ ಕೇಳಿದಾಗ ಅರ್ಥ ಗೊತ್ತಾಯಿತು: ಈ ಕಾರ್ಯಕ್ರಮವನ್ನು ತಾವು ನೋಡುತ್ತಿರುವ ಪ್ರಾಯೋಜಕರ ಕೊಡುಗೆಯಾಗಿ ತಮಗೆ ತಲುಪಿಸುತ್ತಿದ್ದೇವೆ.

ಮೂಲಂಗಿಯ ಈ ಕಾರ್ಯಕ್ರಮ ಮೈಸೂರಿಗೆ ಬಂದಿರಲಿಲ್ಲ, ಬರುವಂಥದ್ದೂ ಆಗಿರಲಿಲ್ಲ. ಜಪಾನಿನ ಖಾಸಗಿ ಟಿವಿಯ ದಿನನಿತ್ಯದ ಮುಖವೇ ಇದು. ಆ ಮುಖ ಊರು ಬಿಟ್ಟು ಹೊರಡಲೇ ಇಲ್ಲ. ಹೊರಟದ್ದು ಬೇರೆ ಏನೋ. ಇದು ಹೇಗಾಯಿತು ಎಂಬ ಕುತೂಹಲ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆರಂಭದಿಂದಲೂ ಈ ಟಿವಿ ಪ್ರಾಯೋಜಕನ ಕೂಸು. ಸಾರ್ವಜನಿಕ ಸಂಸ್ಥೆಯಾದ ಎನ್‌ಎಚ್‌ಕೆ 1953ರ ಫೆಬ್ರುವರಿ 1ರಂದು ಪ್ರಸಾರ ಆರಂಭಿಸಿದಾಗ ಇಡೀ ದೇಶದಲ್ಲಿ ಶುಲ್ಕ ಕಟ್ಟಿದ ವೀಕ್ಷಕರು 866. ಅದೇ ವರ್ಷದ ಆಗಸ್ಟ್ 28ರಂದು ಮೊದಲ ಖಾಸಗಿ ವಾಹಿನಿ ನಿಪ್ಪಾನ್ ಟೆಲಿವಿಷನ್ ಬಂತು. ಅದರ ಸ್ಥಾಪಕ ಮತ್ಸುತಾರೊ ಷೋರಿಕಿ ಯೊಮಿಯೂರಿ ಪತ್ರಿಕೆಯ ಒಡೆಯ. ಟಿವಿ ಕೊಳ್ಳುವಷ್ಟು ದುಡ್ಡು ಜನರ ಬಳಿ ಇಲ್ಲ, ಜನ ನೋಡದೆ ಜಾಹೀರಾತು ಸಿಗುವುದಿಲ್ಲ. ಷೋರಿಕಿ ಇದಕ್ಕೆ ಹೂಡಿದ ಉಪಾಯ ಸರಳ: ಷಿಂಬಾಷಿಯಂಥ ರೈಲು ನಿಲ್ದಾಣಗಳ ಎದುರು, ಉದ್ಯಾನಗಳಲ್ಲಿ, ಬೀದಿಯಲ್ಲೇ ಟಿವಿ ನಿಲ್ಲಿಸಿಬಿಟ್ಟರು. ಎಷ್ಟು ಟಿವಿಗಳಿವೆ ಎನ್ನುವುದಕ್ಕಿಂತ ಎಷ್ಟು ಕಣ್ಣುಗಳಿವೆ ಎನ್ನುವುದು ಜಾಹೀರಾತುದಾರನಿಗೆ ಮುಖ್ಯ ಎಂಬ ಲೆಕ್ಕ ಅವರದು. 1954ರ ಫೆಬ್ರುವರಿಯಲ್ಲಿ ರಿಕಿದೋಜಾನ್ ಎಂಬ ಕುಸ್ತಿಪಟು ಅಮೆರಿಕದಿಂದ ಬಂದ ಷಾರ್ಪ್ ಸೋದರರನ್ನು ಕೈಯಲಗಿನಿಂದ ಹೊಡೆಯುವಾಗ, ಯುದ್ಧದಲ್ಲಿ ಸೋತು ಇನ್ನೂ ಹತ್ತು ವರ್ಷವಾಗದ ಜನ ಆ ಬೀದಿ ಟಿವಿಗಳ ಮುಂದೆ ಕಿಕ್ಕಿರಿದು ನಿಂತರು. ವಾಹಿನಿಯ ಮೊದಲ ಜಾಹೀರಾತು ಗಡಿಯಾರದ್ದು. ಫಿಲ್ಮನ್ನು ತಿರುವುಮುರುವಾಗಿ ಹಾಕಿದ್ದರಿಂದ ದನಿಯೇ ಬರಲಿಲ್ಲ ಎಂಬ ಕಥೆಯನ್ನು ಅಲ್ಲಿನವರು ಇಂದಿಗೂ ನಗುತ್ತ ಹೇಳುತ್ತಾರೆ.

ಆಮೇಲೆ 1955ರಲ್ಲಿ ಇಂದಿನ ಟಿಬಿಎಸ್, 1959ರಲ್ಲಿ ಫ್ಯೂಜಿ ಟಿವಿ ಮತ್ತು ಇಂದಿನ ಟಿವಿ ಅಸಾಹಿ, 1964ರಲ್ಲಿ ಇಂದಿನ ಟಿವಿ ಟೋಕಿಯೋ ಬಂದವು. ಒಂದೊಂದರ ಬೆನ್ನಿಗೂ ಒಂದೊಂದು ಪತ್ರಿಕಾ ಮನೆತನ. ಟೋಕಿಯೋದ ಈ ಐದು ವಾಹಿನಿಗಳ ಸುತ್ತ ಪ್ರಾಂತ್ಯಗಳ ವಾಹಿನಿಗಳು ಸೇರಿ ಐದು ಜಾಲಗಳಾದವು. ಹೀಗೆ ಭೂಮಿಯ ಮೇಲಿನ ಗೋಪುರಗಳಿಂದ ಪ್ರಸಾರ ಮಾಡುವ ಖಾಸಗಿ ಟಿವಿ ಸಂಸ್ಥೆಗಳು ದೇಶದಲ್ಲಿ 127 ಇವೆ. ಇಲ್ಲೊಂದು ತಮಾಷೆಯ ಸಂಗತಿಯಿದೆ. ಡೋರೇಮಾನ್‌ನ ಮನೆಯಾದ ಟಿವಿ ಅಸಾಹಿ ಹುಟ್ಟಿದ್ದು ಶಿಕ್ಷಣ ವಾಹಿನಿಯಾಗಿ. ಪೋಕೆಮಾನ್, ನರುಟೊ ಎಂಬ ಕಾರ್ಟೂನುಗಳ ಮನೆಯಾದ ಟಿವಿ ಟೋಕಿಯೋವನ್ನು ಆರಂಭಿಸಿದ್ದು ಒಂದು ವಿಜ್ಞಾನ ಪ್ರತಿಷ್ಠಾನ. ಪಾಠ ಹೇಳಲೆಂದು ಪರವಾನಗಿ ಪಡೆದವರೇ ಜಗತ್ತಿನ ಮಕ್ಕಳ ಹೋಂವರ್ಕಿಗೆ ಕಲ್ಲು ಹಾಕಿದರು.

ಮೊದಮೊದಲು ಈ ವಾಹಿನಿಗಳೇ ವಿದೇಶಿ ಸರಕಿನ ಮೇಲೆ ಬದುಕಿದವು. ಜಪಾನಿನ ದೊಡ್ಡ ಚಲನಚಿತ್ರ ಕಂಪನಿಗಳು 1956ರಲ್ಲಿ ಒಟ್ಟಾಗಿ ಟಿವಿಗೆ ಚಿತ್ರ ಕೊಡುವುದನ್ನು ನಿಲ್ಲಿಸಿದಾಗ, ಆ ಹೊತ್ತನ್ನು ತುಂಬಲು ಅಮೆರಿಕದ ಧಾರಾವಾಹಿಗಳನ್ನು ತಂದು ಜಪಾನಿ ಮಾತು ಕೂಡಿಸಿ ಬಿಟ್ಟರು. ವ್ಯಾಪಾರದ ದಿಕ್ಕು ತಿರುಗಿದ್ದು 1963ರಲ್ಲಿ. ಆ ವರ್ಷದ ಮೊದಲ ದಿನ ಫ್ಯೂಜಿ ಟಿವಿಯಲ್ಲಿ ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ಎಂಬ ಕಾರ್ಟೂನು ಆರಂಭವಾಯಿತು. ವರ್ಷ ಮುಗಿಯುವುದರೊಳಗೆ ಅಮೆರಿಕದಲ್ಲಿಯೂ ಅದರ ಪ್ರಸಾರ ಶುರುವಾಗಿತ್ತು. ಹಾಗೆಂದು ಅವರು ರಫ್ತಿನ ಬೆನ್ನು ಹತ್ತಿದರೆಂದು ಭಾವಿಸಬಾರದು. ಮನೆಯೊಳಗಿನ ಮಾರುಕಟ್ಟೆಯೇ ಅಷ್ಟು ದೊಡ್ಡದಾಗಿತ್ತು: ಹತ್ತು ಕೋಟಿಗೂ ಮೀರಿದ, ಒಂದೇ ಭಾಷೆ ಆಡುವ, ದುಡ್ಡಿರುವ ಜನ, ಜೊತೆಗೆ ಜಾಹೀರಾತಿಗೆ ಕೈಬಿಚ್ಚಿ ಸುರಿಯುವ ಕಂಪನಿಗಳು. ಟಿಬಿಎಸ್‌ನ 'ಮಿತೊ ಕೋಮೊನ್' ಎಂಬ ಐತಿಹಾಸಿಕ ಧಾರಾವಾಹಿ 1969ರಿಂದ 2011ರವರೆಗೆ ಮತ್ಸುಷಿತಾ, ಅಂದರೆ ಇಂದಿನ ಪ್ಯಾನಸೋನಿಕ್ ಕಂಪನಿಯ ಆಸರೆಯಲ್ಲಿ ನಡೆಯಿತು. ಅಷ್ಟು ವರ್ಷ ಒಂದೇ ಮನೆಯ ಅನ್ನ ಸಿಗುವವನಿಗೆ ಪರವೂರಿಗೆ ಬುತ್ತಿ ಕಟ್ಟುವ ಅಗತ್ಯವಾದರೂ ಏನು?

ಈ ನೆಮ್ಮದಿಯೇ ಅವರ ಕಾರ್ಯಕ್ರಮಗಳ ಅಳತೆಯನ್ನೂ ತೀರ್ಮಾನಿಸಿತು. ಅಲ್ಲಿ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ತುಂಡು ಮಾಡಿ, ಒಂದು ತುಂಡಿಗೆ ಒಂದು ಧಾರಾವಾಹಿ ಎಂಬ ಲೆಕ್ಕ. ವಾರಕ್ಕೊಂದರಂತೆ ಹತ್ತೋ ಹನ್ನೊಂದೋ ಕಂತಿಗೆ ಕಥೆ ಮುಗಿಯುತ್ತದೆ. ಕಲೆಯ ದೃಷ್ಟಿಯಿಂದ ಇದು ಒಳ್ಳೆಯದೇ, ವರ್ಷಗಟ್ಟಲೆ ಅತ್ತೆ ಸೊಸೆಯ ಜಗಳ ನೋಡಿ ಬಳಲಿದ ನನ್ನಂಥವನಿಗಂತೂ ಅಸೂಯೆ ಹುಟ್ಟಿಸುವಂಥದ್ದು. ಆದರೆ ದಿನಕ್ಕೊಂದು ಕಂತು ಬೇಕೆನ್ನುವ ವಿದೇಶಿ ವಾಹಿನಿಗೆ ಹನ್ನೊಂದು ಕಂತು ಎರಡು ವಾರಕ್ಕೂ ಸಾಲದು. ಇದರ ಮೇಲೆ ಹಕ್ಕುಗಳ ಸಿಕ್ಕು ಬೇರೆ. ದೇಶದೊಳಗೆ ಒಮ್ಮೆ ಪ್ರಸಾರ ಮಾಡುವುದಕ್ಕೆ ಹಾಡುಗಳನ್ನು ಒಟ್ಟು ಒಪ್ಪಂದದ ಮೇಲೆ ಧಾರಾಳವಾಗಿ ಬಳಸಬಹುದು. ಅದೇ ಕಂತನ್ನು ಹೊರದೇಶಕ್ಕೆ ಮಾರಬೇಕೆಂದರೆ ಹಿನ್ನೆಲೆಯ ಒಂದೊಂದು ಹಾಡಿಗೂ, ಒಬ್ಬೊಬ್ಬ ನಟನಿಗೂ ಬೇರೆ ಬೇರೆ ಒಪ್ಪಿಗೆ ಬೇಕು. ನಟರನ್ನು ಆಳುವ ಏಜೆನ್ಸಿಗಳು ಇಂಟರ್ನೆಟ್ಟಿಗೆ ಎಷ್ಟು ಹೆದರುತ್ತಿದ್ದವೆಂದರೆ, ನಾನು ಅಲ್ಲಿದ್ದ ಕಾಲಕ್ಕೂ ಪತ್ರಿಕೆಗಳ ಮುಖಪುಟಗಳನ್ನು ಜಾಲತಾಣದಲ್ಲಿ ಹಾಕುವಾಗ ಅತಿ ಜನಪ್ರಿಯ ಹುಡುಗರ ಆಕೃತಿಯನ್ನು ಕತ್ತರಿಸಿ ಬೂದುಬಣ್ಣ ತುಂಬುತ್ತಿದ್ದರು. ಮುಖಪುಟದ ನಡುವೆ ಮನುಷ್ಯನಾಕಾರದ ಒಂದು ಬೂದು ತೂತು. ಜಪಾನಿನ ಟಿವಿ ಹೊರಜಗತ್ತಿಗೆ ಕಂಡ ರೀತಿಗೆ ಅದಕ್ಕಿಂತ ತಕ್ಕ ಚಿತ್ರ ನನಗೆ ಇನ್ನೊಂದು ಸಿಕ್ಕಿಲ್ಲ.

ತಾವಾಗಿ ಹೊರಗೆ ಹೋದ ಕಾಲವೂ ಇತ್ತು. ಫ್ಯೂಜಿ ಟಿವಿಯ 1991ರ 'ಟೋಕಿಯೋ ಲವ್ ಸ್ಟೋರಿ' ಹಾಂಗ್‌ಕಾಂಗ್, ತೈವಾನ್‌ಗಳ ಯುವಜನರನ್ನು ಮರುಳು ಮಾಡಿತು. ತೈವಾನ್‌ನಲ್ಲಿ ಜಪಾನಿನ ಹುಚ್ಚು ಹಿಡಿದವರಿಗೆಂದೇ ಒಂದು ಅಡ್ಡಹೆಸರು ಹುಟ್ಟಿಕೊಂಡಿತು. ಆ ಬಾಗಿಲನ್ನು ತೆರೆದಿಟ್ಟುಕೊಂಡು ಕಾಯ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತೋ ಏನೋ. ಆದರೆ ಹತ್ತು ವರ್ಷದೊಳಗೆ ಅದೇ ಬಾಗಿಲಿನಿಂದ ಕೊರಿಯಾದವರು ಒಳನಡೆದರು. ಅವರ ಸ್ವದೇಶಿ ಮಾರುಕಟ್ಟೆ ಚಿಕ್ಕದು, ಆದ್ದರಿಂದ ಹಸಿವು ದೊಡ್ಡದು.

ಕಥೆಗಳು ಮಾತ್ರ ಬೇರೆ ದೇಹ ತೊಟ್ಟು ಹೋದವು. ನಿಪ್ಪಾನ್ ಟೆಲಿವಿಷನ್‌ನ 'ಮದರ್' ಎಂಬ 2010ರ ಧಾರಾವಾಹಿಯನ್ನು ನೋಡಿ. ಮನೆಯಲ್ಲಿ ಹಿಂಸೆ ಅನುಭವಿಸುವ ಪುಟ್ಟ ಹುಡುಗಿಯೊಬ್ಬಳನ್ನು ಅವಳ ಶಾಲೆಯ ಶಿಕ್ಷಕಿ ಕದ್ದೊಯ್ದು ತಾಯಿಯಾಗುವ ಕಥೆ. ಬರೆದವರು ಯೂಜಿ ಸಕಾಮೊತೊ. ಮೂಲದಲ್ಲಿ ಹನ್ನೊಂದು ಕಂತು. 2016ರಲ್ಲಿ ತುರ್ಕಿಯವರು ಇದನ್ನು 'ಅನ್ನೆ' ಎಂದು ಮಾಡಿದಾಗ ಅದು 33 ಕಂತಾಯಿತು, ಒಂದೊಂದು ಕಂತೂ ಒಂದು ಸಿನಿಮಾದಷ್ಟು ಉದ್ದ. ಅದೇ ಲೇಖಕರ 2013ರ 'ವುಮನ್' ತುರ್ಕಿಯಲ್ಲಿ 'ಕದಿನ್' ಆಗಿ 81 ಕಂತಿನವರೆಗೆ ಬೆಳೆಯಿತು. ತುರ್ಕಿಯ ಧಾರಾವಾಹಿಗಳು ಹೋಗುವ ದೇಶಗಳಿಗೆಲ್ಲ ಇವೂ ಹೋದವು. ಅದನ್ನು ನೋಡಿ ಕಣ್ಣೀರು ಹಾಕಿದ ಎಷ್ಟೋ ಜನರಿಗೆ ಆ ತಾಯಿ ಇಸ್ತಾಂಬುಲ್‌ನವಳು.

ಆಟದ ಕಾರ್ಯಕ್ರಮಗಳಲ್ಲಿ ಈ ವೇಷ ಬದಲಾವಣೆ ಇನ್ನೂ ಸಲೀಸು. 'ಮನೀ ನೋ ತೊರಾ', ಅಂದರೆ ಹಣದ ಹುಲಿಗಳು, 2001ರಲ್ಲಿ ನಿಪ್ಪಾನ್ ಟೆಲಿವಿಷನ್‌ನಲ್ಲಿ ಆರಂಭವಾಯಿತು. ಉದ್ದನೆಯ ಮೇಜಿನ ಹಿಂದೆ ಕಂಪನಿ ಅಧ್ಯಕ್ಷರು. ಅವರ ಮುಂದೆ ನಿಜವಾದ ನೋಟಿನ ಕಟ್ಟುಗಳು. ಎದುರಿಗೆ ತನ್ನ ಉದ್ಯಮಕ್ಕೆ ಹಣ ಕೇಳುತ್ತ, ಬೆವರುತ್ತ ನಿಂತ ಒಬ್ಬ ಅರ್ಜಿದಾರ. ಅಧ್ಯಕ್ಷರು ಬೈಯುತ್ತಿದ್ದ ರೀತಿಗೆ ಹೋಲಿಸಿದರೆ ನಮ್ಮ ಶಾರ್ಕ್‌ಗಳು ಸೌಮ್ಯ ಸ್ವಭಾವದ ಸಾಧುಗಳು. ಜಪಾನಿನ ಬೆಲೆಗಳು ಕುಸಿದು ಕೆಲಸಗಳು ಅಲುಗಾಡುತ್ತಿದ್ದ ಕಾಲದ ಕಾರ್ಯಕ್ರಮ ಅದು, ಆ ಕಹಿ ಅದರಲ್ಲಿತ್ತು. ಮುಂದೆ ಆ ಹುಲಿಗಳಲ್ಲೇ ಕೆಲವರ ವ್ಯವಹಾರ ಮುಳುಗಿತು. 2004ರಲ್ಲಿ ಮೂಲ ಕಾರ್ಯಕ್ರಮ ನಿಂತಿತು, ಚೌಕಟ್ಟು ಮಾತ್ರ ಪ್ರಯಾಣ ಹೊರಟಿತು. 2005ರಲ್ಲಿ ಬ್ರಿಟನ್ನಿನ ಬಿಬಿಸಿಯಲ್ಲಿ ಹುಲಿ ಡ್ರ್ಯಾಗನ್ ಆಯಿತು, 2009ರಲ್ಲಿ ಅಮೆರಿಕದ ಎಬಿಸಿಯಲ್ಲಿ ಷಾರ್ಕ್, ಜರ್ಮನಿಯಲ್ಲಿ ಸಿಂಹ. ಕೊನೆಗೆ ಮುಂಬೈಗೆ ಬರುವಾಗ ಹುಲಿಯ ನಾಡಿಗೇ ಬಂದರೂ ಅದು ಮೀನಾಗಿಯೇ ಬಂತು. ಅದನ್ನು ಮತ್ತೆ ಹುಲಿ ಮಾಡೋಣವೆಂದು ಯಾರಿಗೂ ಹೊಳೆಯದಿದ್ದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಟಿಬಿಎಸ್‌ನವರ 'ಸಾಸುಕೆ' 1997ರಿಂದ ನಡೆಯುತ್ತಿದೆ. ಹೊರಗಿನವರಿಗೆ ಅದು 'ನಿಂಜಾ ವಾರಿಯರ್'. ಯೊಕೊಹಾಮಾದ ಮಿದೊರಿಯಾಮಾ ಎಂಬ ಗುಡ್ಡದ ಮೇಲಿನ ಸ್ಟುಡಿಯೋದಲ್ಲಿ, ಹಿಂದೆ ತಾಕೇಷಿಯ ಕೋಟೆ ಇದ್ದಲ್ಲೇ, ಜೋತುಬೀಳುವ, ಜಿಗಿಯುವ, ಹತ್ತುವ ಅಡೆತಡೆಗಳನ್ನು ಕಟ್ಟುತ್ತಾರೆ. ಇದನ್ನು ಪೂರ್ತಿ ಗೆದ್ದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮೀನುಗಾರನಿದ್ದಾನೆ, ಷೂ ಮಾರುವವನಿದ್ದಾನೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕುದುರೆಯೊಂದು ಹಿಂಸೆಗೆ ಒಳಗಾದ ಗದ್ದಲದ ನಂತರ, ಐದು ಕ್ರೀಡೆಗಳನ್ನು ಕೂಡಿಸಿದ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆಯಿಂದ ಕುದುರೆ ಸವಾರಿಯನ್ನು ತೆಗೆದು ಆ ಜಾಗಕ್ಕೆ ಇದೇ ಬಗೆಯ ಅಡೆತಡೆ ಓಟವನ್ನು ತಂದರು; ಅದನ್ನು ರೂಪಿಸುವಾಗ ಟಿಬಿಎಸ್‌ನವರ ನೆರವೂ ಇತ್ತು. 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆ ಸ್ಪರ್ಧೆ ನಡೆಯುವಾಗ, ಟಿವಿಯ ಮನರಂಜನೆಗೆಂದು ಹುಟ್ಟಿದ ಆಟವೊಂದಕ್ಕೆ ಒಲಿಂಪಿಕ್ ಪದಕ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಊರಿನ ವಾಸನೆ ಇಲ್ಲದ್ದು ಮಾತ್ರ ಗಡಿ ದಾಟುತ್ತದೆ ಎಂದು ತೀರ್ಮಾನಿಸುವುದು ಸುಲಭ. ಜಪಾನಿನಲ್ಲಿ ಇದಕ್ಕೊಂದು ಪದವೇ ಇದೆ, 'ಮುಕೊಕುಸೆಕಿ', ಯಾವ ದೇಶಕ್ಕೂ ಸೇರದ್ದು. ನನಗೆ ಇದು ಅರ್ಧ ಸತ್ಯವೆನಿಸುವುದು ಡೋರೇಮಾನ್‌ನಿಂದಾಗಿ. ಚಾಪೆಯ ಕೋಣೆ, ಜಾರುವ ಬಾಗಿಲು, ಖಾಲಿ ಜಾಗದಲ್ಲಿ ಪೇರಿಸಿಟ್ಟ ಮೂರು ಕೊಳವೆ, ಪರೀಕ್ಷೆಯಲ್ಲಿ ಸೊನ್ನೆ ತಂದು ಅಮ್ಮನಿಗೆ ಹೆದರುವ ಹುಡುಗ: ಇದಕ್ಕಿಂತ ಜಪಾನೀಯವಾದದ್ದು ಏನಿದೆ? 2014ರಲ್ಲಿ ಅಮೆರಿಕದ ಮಕ್ಕಳಿಗಾಗಿ ಅದನ್ನು ಸಿದ್ಧಪಡಿಸಿದವರು ಆ ಹುಡುಗ ನೊಬಿತಾನನ್ನು ನೋಬಿ ಮಾಡಿದರು, ಅವನ ಗೆಳತಿ ಷಿಜುಕಾಳನ್ನು ಸೂ ಮಾಡಿದರು, ಯೆನ್ನನ್ನು ಡಾಲರ್ ಮಾಡಿದರು, ಊಟದ ಕಡ್ಡಿಯ ಜಾಗದಲ್ಲಿ ಫೋರ್ಕ್ ಬಿಡಿಸಿದರು. ನಮ್ಮಲ್ಲಿ ದೊರಾಯಾಕಿಯ ಹೆಸರು ಬದಲಾಯಿತೇ ಹೊರತು ನೊಬಿತಾ ನೊಬಿತಾನಾಗಿಯೇ ಉಳಿದ, ಮಕ್ಕಳು ಅವನನ್ನು ಹಾಗೆಯೇ ಒಪ್ಪಿಕೊಂಡರು. ಭಾರತದಲ್ಲಿ ಸಿಕ್ಕ ಈ ನೆಲೆಯ ಬಲದಿಂದಲೇ ನಿಂಜಾ ಹಟ್ಟೋರಿಯಂಥ ಎಂಬತ್ತರ ದಶಕದ ಪಾತ್ರಕ್ಕೆ 2012ರ ಸುಮಾರಿಗೆ ಭಾರತದ ಕಂಪನಿಯೊಂದರ ಜೊತೆಗೂಡಿ ಹೊಸ ಕಂತುಗಳು ತಯಾರಾದವು.

ಅದೇ 2012ರ ಕೊನೆಗೆ ಕಲರ್ಸ್ ವಾಹಿನಿಯಲ್ಲಿ 'ಸೂರಜ್, ದಿ ರೈಸಿಂಗ್ ಸ್ಟಾರ್' ಎಂಬ 26 ಕಂತುಗಳ ಕಾರ್ಟೂನ್ ಬಂತು. ಅದು 1968ರಿಂದ 1971ರವರೆಗೆ ಜಪಾನಿನಲ್ಲಿ ಮನೆಮಾತಾಗಿದ್ದ ಬೇಸ್‌ಬಾಲ್ ಕಾರ್ಟೂನೊಂದರ ಭಾರತೀಯ ರೂಪ. ಬೇಸ್‌ಬಾಲ್ ಹೋಗಿ ಕ್ರಿಕೆಟ್ ಬಂತು, ಮುಂಬೈನ ಕೊಳೆಗೇರಿ ಬಂತು. ಮೂಲದ ಹುಡುಗ ಮೈಗೆ ಬಿಗಿದುಕೊಳ್ಳುತ್ತಿದ್ದ ಉಕ್ಕಿನ ಸ್ಪ್ರಿಂಗುಗಳ ಬದಲು ಸೂರಜ್‌ಗೆ ಸೈಕಲ್ ಟ್ಯೂಬುಗಳು ಬಂದವು. ಇಷ್ಟು ಅಚ್ಚುಕಟ್ಟಾಗಿ ನಮ್ಮವನನ್ನಾಗಿ ಮಾಡಿದ ಸೂರಜ್ ಇಂದು ಯಾರಿಗೂ ನೆನಪಿಲ್ಲ. ಏನನ್ನೂ ಬದಲಿಸಿಕೊಳ್ಳದ ನೊಬಿತಾ ಇನ್ನೂ ಬರುತ್ತಿದ್ದಾನೆ.

ಮನೆಯೊಳಗಿನ ಆ ನೆಮ್ಮದಿ ಈಗ ಮೊದಲಿನಂತಿಲ್ಲ. 2019ರಲ್ಲಿ ಜಪಾನಿನ ಇಂಟರ್ನೆಟ್ ಜಾಹೀರಾತಿನ ಮೊತ್ತ 2 ಲಕ್ಷ ಕೋಟಿ ಯೆನ್ ದಾಟಿ ಟಿವಿಯನ್ನು ಹಿಂದಿಕ್ಕಿತು. 2025ರ ಜನವರಿಯಲ್ಲಿ, ಹಗರಣವೊಂದನ್ನು ನಿಭಾಯಿಸಿದ ರೀತಿಗಾಗಿ ಫ್ಯೂಜಿ ಟಿವಿ ಟೀಕೆಗೆ ಗುರಿಯಾದಾಗ ಕೆಲವೇ ದಿನಗಳಲ್ಲಿ ಹತ್ತಾರು ಕಂಪನಿಗಳು ಜಾಹೀರಾತು ಹಿಂತೆಗೆದುಕೊಂಡವು. ಖಾಲಿಯಾದ ಹೊತ್ತನ್ನು ಸಾರ್ವಜನಿಕ ಹಿತದ ಪ್ರಕಟಣೆಗಳಿಂದ ತುಂಬಬೇಕಾಯಿತು, ಪತ್ರಿಕಾಗೋಷ್ಠಿ ಹತ್ತು ಗಂಟೆಗೂ ಮೀರಿ ನಡೆಯಿತು. ಎಷ್ಟೋ ಮೊದಲೇ ಹೊರಗೆ ನೋಡಿದ್ದವರು ಐವರಲ್ಲಿ ಅತಿ ಚಿಕ್ಕವರಾದ ಟಿವಿ ಟೋಕಿಯೋದವರು. ಜಾಲದಲ್ಲಿ ಆರೇ ವಾಹಿನಿಗಳು. ಅವರ ಪಾಲಿಗೆ ಕಾರ್ಟೂನು ಹೊಟ್ಟೆಪಾಡು. 2009ರ ಜನವರಿಯಲ್ಲೇ ಅವರು 'ನರುಟೊ'ದ ಹೊಸ ಕಂತನ್ನು ಜಪಾನಿನಲ್ಲಿ ಪ್ರಸಾರವಾದ ಒಂದು ಗಂಟೆಯೊಳಗೆ ಕ್ರಂಚಿರೋಲ್ ಎಂಬ ಜಾಲತಾಣದ ಮೂಲಕ ಹೊರದೇಶದ ಚಂದಾದಾರರಿಗೆ ತಲುಪಿಸಲು ಶುರುಮಾಡಿದ್ದರು.

ನಗೋಯಾದ ಕೊನೆಯ ಭಾನುವಾರ ಸಂಜೆ ಆರೂವರೆಗೆ ಫ್ಯೂಜಿ ಜಾಲದಲ್ಲಿ 'ಸಾಜಾಯೆ-ಸಾನ್' ಬರುತ್ತಿತ್ತು. 1969ರ ಅಕ್ಟೋಬರ್‌ನಿಂದ ಬರುತ್ತಿರುವ ಕಾರ್ಟೂನು. ಜಗತ್ತಿನಲ್ಲೇ ಅತಿ ದೀರ್ಘ ಕಾಲ ನಡೆದದ್ದೆಂದು ಗಿನ್ನೆಸ್ ದಾಖಲೆಯಲ್ಲಿರುವುದು. ಒಂದು ಕೂಡು ಕುಟುಂಬ, ಎಲ್ಲರಿಗೂ ಸಮುದ್ರದ ನಂಟಿರುವ ಹೆಸರು, ಯಾರಿಗೂ ವಯಸ್ಸಾಗುವುದಿಲ್ಲ. ಪ್ರಾಯೋಜಕರ ಹೆಸರುಗಳಲ್ಲಿ ಆಗಿನ್ನೂ ತೊಷಿಬಾ ಇತ್ತು. ಮೊದಲ ದಿನದಿಂದ ಇದ್ದ ಆ ಹೆಸರು 2018ರಲ್ಲಿ ಹೋಯಿತು. ಈ ಕಾರ್ಯಕ್ರಮ ಮುಗಿದರೆ ಸೋಮವಾರ ಬಂತೆಂದು ಜಪಾನಿನವರಿಗೆ ಎದೆಯಲ್ಲಿ ಸಂಕಟವಾಗುತ್ತದಂತೆ, ಅದಕ್ಕೆ ಕಥಾನಾಯಕಿ ಸಾಜಾಯೆಯ ಹೆಸರನ್ನೇ ಇಟ್ಟಿದ್ದಾರೆ. ಹೊರದೇಶಗಳಲ್ಲಿ ಅವಳ ಹೆಸರು ಕೇಳಿದವರು ಬಹಳ ಕಡಿಮೆ.

ಕಥೆ ಮುಗಿದ ಮೇಲೆ ಅವಳು ಪರದೆಯಿಂದ ನೇರವಾಗಿ ನನ್ನತ್ತ ತಿರುಗಿ, ಕಲ್ಲು, ಕತ್ತರಿ, ಕಾಗದ ಆಡೋಣ ಬಾ ಎಂದು ಕೈ ಹಿಂದಕ್ಕೆಳೆದಳು. ಪ್ರತಿ ವಾರವೂ ಹೀಗೆಯೇ ಎಂದು ಕಚೇರಿಯಲ್ಲಿ ಹೇಳಿದ್ದರು. ಸೂಟ್‌ಕೇಸಿಗೆ ಅಂಗಿ ಮಡಚುತ್ತಿದ್ದ ನಾನು ಬಲಗೈ ಬಿಡಿಸಿಕೊಂಡು ಅಂಗೈ ಚಾಚಿದೆ. ಅವಳು ಎರಡು ಬೆರಳು ತೋರಿಸಿ ಕಿಲಕಿಲ ನಕ್ಕಳು.